ರಹದಾರಿಯಿಲ್ಲದೆ ಹೊರಟವರು

ಕಳೆದ ತಿಂಗಳು ನಮ್ಮ ಬಡಾವಣೆಯ ಸಂಘದ ವಾರ್ಷಿಕೋತ್ಸವದಲ್ಲಿ ಒಂದು ಭಾಷಣವಾಯಿತು. ಭಾಷಣಕಾರರು ನಾಲ್ಕಾರು ದೇಶಗಳಲ್ಲಿ ಇದ್ದು ಬಂದವರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು; ಧ್ವನಿವರ್ಧಕ ಕೈಕೊಟ್ಟರೂ ಕಡೆಯ ಸಾಲಿನವರೆಗೆ ಕೇಳಿಸುವ ಕಂಠ ಅವರದು. ಅವರ ವಾದ ಇಷ್ಟು: ಚೀನ ದೇಶವು ಇಪ್ಪತ್ತು ವರ್ಷಗಳಿಂದ ತನ್ನ ಭಾಷೆ, ತನ್ನ ಚಹ, ತನ್ನ ಕತ್ತಿವರಸೆ, ತನ್ನ ಸಿನಿಮಾ ಎಲ್ಲವನ್ನೂ ಲೆಕ್ಕ ಹಾಕಿ, ಹಣ ಸುರಿದು ಲೋಕಕ್ಕೆ ಹಂಚುತ್ತಿದೆ, ಲೋಕ ತಲೆದೂಗುತ್ತಿದೆ. ನಾವು ಮಾತ್ರ ಮನೆಯಲ್ಲಿ ಕುಳಿತು ನಮ್ಮ ಪ್ರಾಚೀನತೆಯನ್ನು ನಾವೇ ಹೊಗಳಿಕೊಳ್ಳುತ್ತಿದ್ದೇವೆ. ಆದ್ದರಿಂದ ನಮ್ಮ ಸರಕಾರವೂ ಐನೂರು ಪರದೇಶದ ವಿಶ್ವವಿದ್ಯಾಲಯಗಳಲ್ಲಿ ಐನೂರು ಪೀಠಗಳನ್ನು ತೆರೆಯಬೇಕು. ಅದರಲ್ಲಿ ಕನ್ನಡಕ್ಕೆ ಒಂದು ಪಾಲು ಬೇಕು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಕನ್ನಡಕ್ಕೆ ಪಾಲು ಎಂದಾಗ ಕೈಕಟ್ಟಿ ಕೂರುವಷ್ಟು ಗಟ್ಟಿ ಎದೆ ನನ್ನದಲ್ಲ.

ವಾರದ ಮೇಲೆ ಅದೇ ಮಾತು ಮನವಿಪತ್ರದ ರೂಪ ತಾಳಿ, ಸಹಿಗಾಗಿ ನನ್ನ ಮನೆ ಬಾಗಿಲಿಗೆ ಬಂತು. ಚಪ್ಪಾಳೆಗೆ ಹೊಣೆಯಿಲ್ಲ, ಸಹಿಗೆ ಇದೆ. ಕನ್ನಡಕ ಹಾಕಿಕೊಂಡು ಓದಿದೆ. ‘ಚೀನದ ಮಾದರಿಯಲ್ಲಿ’ ಎಂಬ ಮಾತು ಎರಡು ಪುಟಗಳಲ್ಲಿ ಐದು ಸಲ ಬಂದಿತ್ತು. ಮಾದರಿ ಎನ್ನುವುದಾದರೆ ಆ ಮಾದರಿ ಏನಾಯಿತೆಂದು ನೋಡಬೇಡವೆ? ಈ ಲೇಖನ ಬರೆಯಲು ಅದೇ ಕಾರಣ.

‘ಮೃದುಶಕ್ತಿ’ ಎಂಬ ಮಾತಿನ ಜಾತಕ ಮೊದಲು ನೋಡೋಣ. ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ ಎಂಬವರು 1990ರಲ್ಲಿ ‘ಸಾಫ್ಟ್ ಪವರ್’ ಎಂದು ಹೆಸರಿಟ್ಟದ್ದನ್ನು ನಮ್ಮವರು ಹೀಗೆ ಕನ್ನಡಿಸಿಕೊಂಡಿದ್ದಾರೆ. ಬೆದರಿಸದೆ, ದುಡ್ಡು ಕೊಟ್ಟು ಕೊಳ್ಳದೆ, ಬರಿಯ ಆಕರ್ಷಣೆಯಿಂದ ಇನ್ನೊಬ್ಬರನ್ನು ತನ್ನ ಕಡೆಗೆ ಒಲಿಸಿಕೊಳ್ಳುವ ಬಲ ಎಂದು ಅರ್ಥ. 2007ರಲ್ಲಿ ಹು ಜಿಂಟಾವೊ ಅವರು ಕಮ್ಯೂನಿಸ್ಟ್ ಪಕ್ಷದ 17ನೆಯ ಮಹಾಧಿವೇಶನದ ವರದಿಯಲ್ಲಿ ಈ ಮಾತನ್ನು ಸೇರಿಸಿಕೊಂಡು, ಸಂಸ್ಕೃತಿಯನ್ನು ದೇಶದ ಮೃದುಶಕ್ತಿಯಾಗಿ ಬೆಳೆಸುವುದು ಸರಕಾರದ ಕೆಲಸವೆಂದು ಸಾರಿದರು. 2021ರ ಮೇ ತಿಂಗಳಲ್ಲಿ ಷಿ ಜಿನ್‌ಪಿಂಗ್ ಅವರು ಪಕ್ಷದ ಹಿರಿಯರನ್ನು ಕೂಡಿಸಿ, ಲೋಕದ ಮುಂದೆ ನಂಬತಕ್ಕ, ಪ್ರೀತಿಸತಕ್ಕ, ಗೌರವಿಸತಕ್ಕ ಚೀನದ ಚಿತ್ರವನ್ನು ನಿಲ್ಲಿಸಬೇಕೆಂದು ಹೇಳಿದರು. ಪ್ರೀತಿ ಹುಟ್ಟಿಸಿ ಎಂದು ಅಧಿಕಾರಿಗಳಿಗೆ ಅಪ್ಪಣೆ ಹೋದುದನ್ನು ನಾನು ಕೇಳಿದ್ದು ಅದೇ ಮೊದಲು. ಚೀನೀಯರು ಈ ವಿಷಯದಲ್ಲಿ ತಪ್ಪುತ್ತಿರುವುದು ಸರಕಾರವೇ ಮೃದುಶಕ್ತಿಯ ಮುಖ್ಯ ಯಂತ್ರವೆಂದು ಭಾವಿಸುವುದರಲ್ಲಿ ಎಂದು ನೈ ಅವರೇ ಬರೆದರು. ಹೆಸರಿಟ್ಟವರ ಮಾತನ್ನು ನಾಮಕರಣಕ್ಕೆ ಬಂದವರು ಕೇಳಬೇಕೆಂದೇನೂ ಇಲ್ಲವಲ್ಲ!

ಇನ್ನು ನಮ್ಮ ಭಾಷಣಕಾರರು ಕೊಂಡಾಡಿದ ಪೀಠಗಳು. ಇವುಗಳ ಹೆಸರು ಕನ್ಫ್ಯೂಷಿಯಸ್ ಸಂಸ್ಥೆಗಳು. ಮೊದಲನೆಯದು 2004ರ ನವೆಂಬರಿನಲ್ಲಿ ಕೊರಿಯದ ಸೋಲ್ ನಗರದಲ್ಲಿ ತೆರೆಯಿತು. ಹದಿನೈದು ವರ್ಷ ಕಳೆಯುವುದರೊಳಗೆ ಲೋಕದಲ್ಲಿ ಐನೂರನ್ನು ಮೀರಿದವು. ಈ ಹೆಸರಿನ ಹಿಂದೆಯೇ ಒಂದು ಕಥೆಯಿದೆ. 1966ರಲ್ಲಿ ಕೆಂಪು ಕಾವಲುಪಡೆಯ ಹುಡುಗರು ಚುಫು ಊರಿನ ಕನ್ಫ್ಯೂಷಿಯಸ್ ಗುಡಿಗೂ ಅವನ ವಂಶದ ಸ್ಮಶಾನಕ್ಕೂ ನುಗ್ಗಿ ಗೋರಿಗಳನ್ನು ಅಗೆದರು. 1973-74ರಲ್ಲಿ ದೇಶಾದ್ಯಂತ ಆ ಮುನಿಯನ್ನು ಖಂಡಿಸುವ ಚಳವಳಿ ನಡೆಯಿತು. ಮೂವತ್ತು ವರ್ಷಗಳ ತರುವಾಯ ಅದೇ ಪಕ್ಷ ಅವನನ್ನೇ ರಾಯಭಾರಿಯಾಗಿ ನೇಮಿಸಿ ಪರದೇಶಗಳಿಗೆ ಕಳಿಸಿತು. ಆಗಲೂ ಮನೆಯಲ್ಲಿ ಅವನಿಗೆ ಎಲ್ಲಿ ಮಣೆ ಹಾಕಬೇಕೆಂಬುದು ತೀರ್ಮಾನವಾಗಿರಲಿಲ್ಲ. 2011ರ ಜನವರಿಯಲ್ಲಿ ತಿಯನಾನ್ಮೆನ್ ಚೌಕದ ಬಳಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂದೆ, ಸುಮಾರು 31 ಅಡಿ ಎತ್ತರದ ಅವನ ಕಂಚಿನ ವಿಗ್ರಹವನ್ನು ನಿಲ್ಲಿಸಿದರು. ಏಪ್ರಿಲಿನಲ್ಲಿ ಒಂದು ರಾತ್ರಿ ಸದ್ದಿಲ್ಲದೆ ಅಲ್ಲಿಂದ ಎತ್ತಿಬಿಟ್ಟರು.

ಆ ಸಂಸ್ಥೆಗಳಲ್ಲಿ ಭಾಷೆ ಕಲಿಸಿದರು, ಕುಂಚ ಹಿಡಿಯುವುದನ್ನು ಕಲಿಸಿದರು, ಹೊಸ ವರ್ಷಕ್ಕೆ ಕೆಂಪು ದೀಪ ಕಟ್ಟಿದರು. ಇದನ್ನೆಲ್ಲ ನಾನು ಹಳಿಯುವುದಿಲ್ಲ. ಆಫ್ರಿಕದಲ್ಲಿ ಮೊದಲನೆಯ ಸಂಸ್ಥೆ ನೈರೋಬಿ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ತೆರೆಯಿತು. ಅಲ್ಲಿಯ ಬಡ ಹುಡುಗನೊಬ್ಬ ಚೀನೀ ಕಲಿತು ಕೆಲಸ ಹಿಡಿದರೆ ಅದು ಅವನ ಪುಣ್ಯ, ಕಲಿಸಿದವರ ಪುಣ್ಯ. ತೊಡಕು ಬಂದದ್ದು ಬೇರೆ ಕಡೆ. ಪಾಠ ಹೇಳುವವರು ಬೀಜಿಂಗ್‌ನಿಂದ, ಪುಸ್ತಕ ಬೀಜಿಂಗ್‌ನಿಂದ, ದುಡ್ಡು ಬೀಜಿಂಗ್‌ನಿಂದ; ಜೊತೆಗೆ ತೈವಾನ್, ಟಿಬೆಟ್, 1989 ಎಂಬ ಮೂರು ಮಾತುಗಳನ್ನು ತರಗತಿಯಲ್ಲಿ ಎತ್ತದಿರುವ ಜಾಣತನವೂ ಅಲ್ಲಿಂದಲೇ.

ಒಂದು ಪ್ರಸಂಗ ಹೇಳುತ್ತೇನೆ. 2014ರ ಜುಲೈ. ಪೋರ್ಚುಗಲ್ ದೇಶದ ಬ್ರಾಗಾ ಎಂಬ ಊರಿನಲ್ಲಿ ಯೂರೋಪಿನ ಚೀನೀ ವಿದ್ವಾಂಸರೆಲ್ಲ ಸಮ್ಮೇಳನಕ್ಕೆ ಸೇರಿದ್ದರು. ಇವರು ಯಾರು? ಜೀವಮಾನವೆಲ್ಲ ಚೀನೀ ಕಾವ್ಯವನ್ನೂ ಚರಿತ್ರೆಯನ್ನೂ ಓದಿದವರು. ಯೂರೋಪಿನಲ್ಲಿ ಚೀನಕ್ಕೆ ಇವರಿಗಿಂತ ಆಪ್ತರು ಸಿಕ್ಕಲಾರರು. ಸಮ್ಮೇಳನದ ಕಾರ್ಯಕ್ರಮ ಪುಸ್ತಿಕೆಯಲ್ಲಿ ನೆರವು ಕೊಟ್ಟವರ ಸಾಲಿನಲ್ಲಿ ತೈವಾನಿನ ಒಂದು ಪ್ರತಿಷ್ಠಾನದ ಹೆಸರೂ ಅಚ್ಚಾಗಿತ್ತು. ಕನ್ಫ್ಯೂಷಿಯಸ್ ಸಂಸ್ಥೆಗಳ ಮೇಲಿನ ಮುಖ್ಯಾಧಿಕಾರಿ ಅಲ್ಲಿಗೆ ಬಂದಿದ್ದರು. ಅವರ ಅಪ್ಪಣೆಯ ಮೇರೆಗೆ ಉಳಿದ ಪುಸ್ತಿಕೆಗಳನ್ನು ವಶಪಡಿಸಿಕೊಂಡು, ಆ ಹೆಸರಿದ್ದ ಹಾಳೆಗಳನ್ನು ಹರಿದು, ಹರಿದ ಪುಸ್ತಿಕೆಗಳನ್ನೇ ವಿದ್ವಾಂಸರ ಕೈಗೆ ಕೊಟ್ಟರು. ಆ ನಾಲ್ಕು ಹಾಳೆ ಹರಿದುದರಿಂದ ಆದ ನಷ್ಟವನ್ನು ಎಷ್ಟು ಕೋಟಿ ಸುರಿದರೆ ತುಂಬಿಸಬಹುದು? ಅದೇ ವರ್ಷ ಷಿಕಾಗೊ ವಿಶ್ವವಿದ್ಯಾಲಯ ತನ್ನ ಸಂಸ್ಥೆಯನ್ನು ಮುಚ್ಚಿತು, ಮರುವರ್ಷ ಸ್ಟಾಕ್‌ಹೋಮ್ ಮುಚ್ಚಿತು. ಅಮೆರಿಕದಲ್ಲಿ ನೂರರಷ್ಟಿದ್ದವು 2023ರ ಹೊತ್ತಿಗೆ ಬೆರಳೆಣಿಕೆಗೆ ಇಳಿದವು. ಅದರಲ್ಲಿ ಅಮೆರಿಕದ ರಾಜಕಾರಣದ ಪಾಲೂ ಇತ್ತು. ಇಂಥ ಸಂಸ್ಥೆ ಇಟ್ಟುಕೊಂಡರೆ ಚೀನೀ ಕಲಿಕೆಗೆ ಕೊಡುವ ತನ್ನ ಹಣ ನಿಲ್ಲುತ್ತದೆಂದು ಅಲ್ಲಿಯ ಸರಕಾರ 2018ರಲ್ಲಿ ಕಾನೂನು ಮಾಡಿತ್ತು. ಆದರೂ ಬ್ರಾಗಾದಲ್ಲಿ ಹಾಳೆ ಹರಿದದ್ದು ಅಮೆರಿಕವಲ್ಲ. ಕಡೆಗೆ 2020ರಲ್ಲಿ ಚೀನದವರೇ ಆಡಳಿತ ಕಚೇರಿಯ ಹೆಸರನ್ನು ಬದಲಿಸಿದರು.

ನಗು ಬರಿಸುವ ಒಂದು ಸಂಗತಿಯೂ ಇದೆ. 2010ರಲ್ಲಿ ಸೆರೆಯಲ್ಲಿದ್ದ ಲಿಯು ಷಿಯಾಬೊ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಅದಕ್ಕೆ ಎದುರಾಗಿ ಬೀಜಿಂಗ್‌ನಲ್ಲಿ ಕೆಲವರು ಅವಸರದಿಂದ ‘ಕನ್ಫ್ಯೂಷಿಯಸ್ ಶಾಂತಿ ಪ್ರಶಸ್ತಿ’ಯನ್ನು ಹುಟ್ಟಿಸಿದರು. ತೈವಾನಿನ ಹಿರಿಯ ರಾಜಕಾರಣಿಯೊಬ್ಬರಿಗೆ ಕೊಟ್ಟೆವೆಂದು ಸಾರಿದರು. ಅವರು ಬರಲಿಲ್ಲ. ವೇದಿಕೆಯ ಮೇಲೆ ಒಬ್ಬ ಪುಟ್ಟ ಹುಡುಗಿಯ ಕೈಗೆ ಹಣದ ಕಟ್ಟನ್ನು ಕೊಟ್ಟು ಸಮಾರಂಭ ಮುಗಿಸಿದರು. ಆ ಮಗು ಈಗ ದೊಡ್ಡವಳಾಗಿರಬೇಕು. ಮಕ್ಕಳಿಗೆ ಹೇಳಿಕೊಳ್ಳಲು ಒಳ್ಳೆಯ ಕಥೆ.

ಇಷ್ಟು ಓದಿ, ‘ಹಾಗಾದರೆ ಚೀನದಲ್ಲಿ ಏನೂ ಇಲ್ಲ, ಎಲ್ಲ ನಕಲು, ಎಲ್ಲ ಪ್ರಚಾರ’ ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗುವವರು ಉಂಟು. ಅವರೊಡನೆ ನನ್ನ ಜಗಳ ಇನ್ನೂ ದೊಡ್ಡದು. ಏಕೆಂದರೆ ಚೀನದ್ದು ಲೋಕದ ಮನಸ್ಸನ್ನು ನಿಜವಾಗಿಯೂ ಹೊಕ್ಕಿದೆ. ಆದರೆ ಹೊಕ್ಕಿದ್ದು ಬೇರೆ ಬಾಗಿಲಿನಿಂದ.

ನಮ್ಮ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗನ ಹೆಸರನ್ನು ಉರು ಹೊಡೆಯದ ಕನ್ನಡಿಗ ಯಾರಿದ್ದಾನೆ? ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಇಲ್ಲಿಯ ಜನ ಉಪಕಾರವನ್ನು ಮರೆಯುವವರಲ್ಲ, ಅವಮಾನವನ್ನು ಸಹಿಸುವವರಲ್ಲ ಎಂದೂ, ಹರ್ಷನಂಥವನೂ ಈ ದೊರೆಯನ್ನು ಬಗ್ಗಿಸಲಾರದೆ ಹೋದನೆಂದೂ ಬರೆದಿಟ್ಟವನು ಅವನು. ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಿದ್ದರೆಂಬ ಸಾಲನ್ನಂತೂ ಮೇಷ್ಟರು ಹೇಳಿದಾಗ ತರಗತಿಯೆಲ್ಲ ನಕ್ಕದ್ದು ನನಗೆ ನೆನಪಿದೆ. ಪಾಠದಲ್ಲಿ ಹೇಳದೆ ಬಿಟ್ಟದ್ದು ಒಂದಿದೆ. ಆ ಭಿಕ್ಷುವನ್ನು ಯಾವ ಸರಕಾರವೂ ಕಳಿಸಿರಲಿಲ್ಲ. ಗಡಿ ದಾಟಬಾರದೆಂದು ಆಗ ಚಕ್ರವರ್ತಿಯ ಆಜ್ಞೆಯಿತ್ತು. ಅವನು ರಹದಾರಿಯಿಲ್ಲದೆ, ಕಾವಲುಗೋಪುರಗಳ ಕಣ್ಣು ತಪ್ಪಿಸಿ, ಮರಳುಗಾಡಿಗೆ ಇಳಿದವನು. ಹೊರಟದ್ದು ತನ್ನ ದೇಶದ ಹಿರಿಮೆಯನ್ನು ಸಾರಲಿಕ್ಕೂ ಅಲ್ಲ. ತನ್ನಲ್ಲಿ ಇಲ್ಲದ್ದನ್ನು ಕಲಿಯಲಿಕ್ಕೆ. 645ರಲ್ಲಿ ಕುದುರೆಗಳ ಮೇಲೆ 657 ಗ್ರಂಥಗಳನ್ನು ಹೇರಿಕೊಂಡು ಮರಳಿದಾಗ ರಾಜಧಾನಿಯೇ ಎದುರುಗೊಂಡಿತು. ಚಕ್ರವರ್ತಿ ಕರೆಸಿಕೊಂಡು, ಕಂಡದ್ದನ್ನೆಲ್ಲ ಬರೆದುಕೊಡೆಂದ. ಪಡುವಣ ರಾಜ್ಯಗಳ ಸಮಾಚಾರ ಅರಮನೆಗೆ ಬೇಕಾಗಿತ್ತು. ಹೊರಡುವಾಗ ಅಪರಾಧಿ, ಬರುವಾಗ ರಾಷ್ಟ್ರದ ಆಸ್ತಿ!

ಒಂಬೈನೂರು ವರ್ಷ ಜನ ಈ ಭಿಕ್ಷುವಿನ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿ, ಅವನ ಜೊತೆಗೆ ಒಬ್ಬ ಮಂಗನನ್ನೂ ಹಂದಿಮುಖದವನನ್ನೂ ಸೇರಿಸಿ ಬೆಳೆಸಿದರು. 1592ರಲ್ಲಿ ನಾನ್‌ಜಿಂಗ್‌ನಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾದ ‘ಪಶ್ಚಿಮ ಯಾತ್ರೆ’ಯೇ ಆ ಕಥೆ. ಮಂಗ ಸುನ್ ವುಕೋಂಗ್ ಕಲ್ಲಿನಿಂದ ಹುಟ್ಟಿದವನು; ಸ್ವರ್ಗದ ಅಧಿಕಾರಿಗಳು ಅವನಿಗೆ ಲಾಯದ ಚಾಕರಿ ಕೊಟ್ಟು ಮೂಲೆಗೆ ಕೂರಿಸಲು ನೋಡಿದಾಗ ಸ್ವರ್ಗವನ್ನೇ ಅಲ್ಲಾಡಿಸಿದವನು. ಅವನಲ್ಲಿ ನಮ್ಮ ಹನುಮಂತನ ಅಂಶವಿದೆಯೆಂದು 1923ರಲ್ಲಿ ಹು ಷಿ ವಾದಿಸಿದರು. ಇಲ್ಲವೆಂದು ಲು ಷುನ್ ಒಪ್ಪಲಿಲ್ಲ. ಆ ಜಗಳ ಪಂಡಿತರಿಗಿರಲಿ. 2024ರ ಆಗಸ್ಟ್ 20ರಂದು ಈ ಮಂಗ ‘ಬ್ಲ್ಯಾಕ್ ಮಿಥ್: ವುಕೋಂಗ್’ ಎಂಬ ಕಂಪ್ಯೂಟರ್ ಆಟವಾಗಿ ಹೊರಬಂದ. ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಖರ್ಚಾದವು. ಐನೂರು ಪೀಠಗಳು ಕಲಿಸಲಾರದ ಹೆಸರನ್ನು ಬ್ರೆಜಿಲಿನ, ಪೋಲೆಂಡಿನ ಹುಡುಗರು ಒಂದು ವಾರದಲ್ಲಿ ಕಲಿತರು. ನನ್ನ ತಂಗಿಯ ಮೊಮ್ಮಗ ರಾತ್ರಿ ಎರಡು ಗಂಟೆಯವರೆಗೆ ಕೂತು ಆಡಿ, ಬೆಳಗ್ಗೆ ನನ್ನ ಬಳಿ ಬಂದು, ‘ಅಜ್ಜ, ಈ ಹ್ಯೂಯೆನ್ ತ್ಸಾಂಗ್ ಯಾರು?’ ಎಂದು ಕೇಳಿದ. ಅವನ ಶಾಲೆಯ ಪುಸ್ತಕದಲ್ಲಿಯೂ ಆ ಹೆಸರಿತ್ತು, ಅಲ್ಲಿ ಕೇಳಬೇಕೆನಿಸಿರಲಿಲ್ಲ.

ಈಗ ಇದರ ಹಿನ್ನೆಲೆ ನೋಡಿ. 2021ರ ಆಗಸ್ಟಿನಲ್ಲಿ ಷಿನ್‌ಹುವಾ ಸುದ್ದಿಸಂಸ್ಥೆಗೆ ಸೇರಿದ ಒಂದು ಪತ್ರಿಕೆ ಇಂಥ ಆಟಗಳನ್ನು ಮನಸ್ಸಿನ ಅಫೀಮು ಎಂದು ಕರೆದಿತ್ತು. ಅಫೀಮು ಎಂಬ ಮಾತಿಗೆ ಚೀನದಲ್ಲಿ ಎಂಥ ಕಹಿ ಇದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ತಿಂಗಳ ಕೊನೆಯಲ್ಲಿ, ಹದಿನೆಂಟು ತುಂಬದವರು ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಇಂಥ ಆನ್‌ಲೈನ್ ಆಟ ಆಡಕೂಡದೆಂದು ಕಟ್ಟಳೆಯಾಯಿತು. ಮೂರು ವರ್ಷಗಳಲ್ಲಿ ಅಫೀಮು ಅಮೃತವಾಯಿತು! ಸರಕಾರಿ ಪತ್ರಿಕೆಗಳು ಮಂಗನನ್ನು ಹೊತ್ತು ಕುಣಿದವು. ಆಟದ ಮುಂಗಡ ಪ್ರತಿ ಪಡೆದ ಕೆಲವರಿಗೆ ಮಾತ್ರ ಒಂದು ಚೀಟಿ ಹೋಗಿತ್ತು: ಆಟದ ಬಗ್ಗೆ ಮಾತನಾಡುವಾಗ ರಾಜಕೀಯ, ಕೋವಿಡ್, ಸ್ತ್ರೀವಾದ ಇವನ್ನು ಎತ್ತಬೇಡಿ ಎಂದು. ಹಳೆಯ ಕಥೆಯಲ್ಲಿ ಮಂಗನ ತಲೆಗೆ ಒಂದು ಚಿನ್ನದ ಪಟ್ಟಿ ತೊಡಿಸುತ್ತಾರೆ. ಅವನು ಸ್ವತಂತ್ರಿಸಿದಾಗಲೆಲ್ಲ ಗುರು ಮಂತ್ರ ಹೇಳುತ್ತಾನೆ, ಪಟ್ಟಿ ಬಿಗಿಯುತ್ತದೆ, ಮಂಗ ತಲೆ ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಾನೆ. ಬರೆದವನ ಹೆಸರು ತಿಳಿಯದಿರಬಹುದು. ಅವನಿಗೆ ತನ್ನ ದೇಶದ ಕಚೇರಿಗಳ ಪರಿಚಯ ಚೆನ್ನಾಗಿತ್ತು.

ಕಾದಂಬರಿಯ ಕಡೆಗೆ ಬರೋಣ. ಲಿಯು ತ್ಸಿಷಿನ್ ಎಂಬವರು ಷಾನ್‌ಷಿ ಪ್ರಾಂತದ ವಿದ್ಯುತ್ ಸ್ಥಾವರವೊಂದರಲ್ಲಿ ಇಂಜಿನಿಯರಾಗಿದ್ದುಕೊಂಡು ಬರೆದ ‘ತ್ರೀ ಬಾಡಿ ಪ್ರಾಬ್ಲಮ್’ ಎಂಬ ವಿಜ್ಞಾನ ಕಾದಂಬರಿ 2006ರಲ್ಲಿ ಒಂದು ಮಾಸಿಕದಲ್ಲಿ ಧಾರಾವಾಹಿಯಾಗಿ ಬಂತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನೊಬ್ಬನನ್ನು ಹುಡುಗಿಯರು ಎಲ್ಲರೆದುರು ಹೊಡೆದು ಕೊಲ್ಲುತ್ತಾರೆ. ಅವನ ಮಗಳು ನಿಂತು ನೋಡುತ್ತಾಳೆ. ಮುಂದಿನ ಕಥೆಯೆಲ್ಲ ಆ ಗಾಯದಿಂದ ಹುಟ್ಟಿದ್ದು. 2008ರಲ್ಲಿ ಪುಸ್ತಕವಾದಾಗ ಪ್ರಕಾಶಕರ ಅಂಜಿಕೆಯಿಂದ ಆ ಅಧ್ಯಾಯ ನಡುವಿಗೆ ಸರಿಯಿತು. ಕೆನ್ ಲಿಯು ಅದನ್ನು ಇಂಗ್ಲಿಷಿಗೆ ತಂದಾಗ, ಲೇಖಕರ ಒಪ್ಪಿಗೆಯಿಂದ, ಮತ್ತೆ ಮೊದಲಿಗೆ ತಂದಿಟ್ಟರು. 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂದುದು ಆ ಇಂಗ್ಲಿಷ್ ಪ್ರತಿಗೆ. ಎಂದರೆ, ಚೀನದ ಅತ್ಯಂತ ಪ್ರಸಿದ್ಧ ಆಧುನಿಕ ಕಾದಂಬರಿಯನ್ನು ಲೋಕ ಅದರ ನಿಜವಾದ ಬಾಗಿಲಿನಿಂದ ಪ್ರವೇಶಿಸುತ್ತದೆ. ಚೀನದ ಓದುಗ ಮಾತ್ರ ಹಿತ್ತಿಲಿನಿಂದ ಹೋಗಬೇಕು. ಇದನ್ನು ದೇಶದ ಮೃದುಶಕ್ತಿ ಎಂದು ಯಾವ ಮುಖದಿಂದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ?

ಆ ಗೌರವ ಸಾಲದೆಂದು, 2023ರಲ್ಲಿ ಆ ಹ್ಯೂಗೋ ಪ್ರಶಸ್ತಿಯ ಸಮ್ಮೇಳನವನ್ನೇ ಚೀನದ ಚೆಂಗ್ಡು ನಗರದಲ್ಲಿ ನಡೆಸಿದರು. ಮರುವರ್ಷ ಅಂಕಿಗಳು ಹೊರಬಂದಾಗ ಆರ್. ಎಫ್. ಕುವಾಂಗ್ ಅವರ ‘ಬೇಬೆಲ್’ ಕಾದಂಬರಿ ಮೊದಲಾದ ಕೆಲವನ್ನು, ಕಾರಣ ಕೊಡದೆ, ಅರ್ಹವಲ್ಲವೆಂದು ಬಿಟ್ಟಿದ್ದುದು ಬಯಲಾಯಿತು. ಬಳಿಕ ಹೊರಬಿದ್ದ ಪತ್ರಗಳಿಂದ ತಿಳಿದದ್ದೇನೆಂದರೆ, ಯಾವ ಲೇಖಕ ಚೀನದ ಬಗ್ಗೆ ಏನು ಬರೆದಿದ್ದಾನೆಂದು ಹುಡುಕಿ ಪಟ್ಟಿ ಮಾಡಿದವರು ಅಮೆರಿಕ, ಕೆನಡಾಗಳ ಸ್ವಯಂಸೇವಕರು! ನನಗೆ ಭಯವಾಗುವುದು ಇದನ್ನು ಕಂಡಾಗ. ಭಾಷಣಕಾರರು ಹೇಳಿದ ಪ್ರಭಾವ ಉಂಟು, ಇಲ್ಲವೆಂದವನಲ್ಲ ನಾನು. ಅದು ಸಿಕ್ಕುವುದು ಇಂಥ ಕಡೆ. ಯಾರೂ ಕೇಳದಿದ್ದರೂ, ಯಾರಿಗೋ ಬೇಸರವಾದೀತೆಂದು ಓದುವವನೇ ತನ್ನ ಕೈಯಿಂದ ಹೆಸರು ಹೊಡೆದುಹಾಕುವುದು. ಬ್ರಾಗಾದಲ್ಲಿ ಹಾಳೆ ಹರಿಯಲು ಅಧಿಕಾರಿ ಬರಬೇಕಾಯಿತು. ಚೆಂಗ್ಡುವಿನಲ್ಲಿ ಅಷ್ಟು ಶ್ರಮವೂ ಬೇಕಾಗಲಿಲ್ಲ. ಇದಕ್ಕೆ ಮೃದುಶಕ್ತಿಯೆಂಬ ಹೆಸರು ಒಪ್ಪುವುದಿಲ್ಲ.

ಹಲ್ಲುಕಿರಿದ ಲಬೂಬು ಗೊಂಬೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ; ಮನೆಯ ಹೆಣ್ಣುಮಕ್ಕಳ ಚೀಲಗಳಲ್ಲಿ ವಾಚಕರು ನೋಡಿಯೇ ಇದ್ದೀರಿ. ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್ಲೆಂಡ್ಸಿನಲ್ಲಿ ಬೆಳೆದ ಕಲಾವಿದನೊಬ್ಬ ಯೂರೋಪಿನ ಬಡಗಣ ದೇಶಗಳ ಜನಪದ ಕಥೆ ನೆನೆದು ಬರೆದ ಚಿತ್ರ ಅದು. 2025ರ ಜೂನಿನಲ್ಲಿ ಬೀಜಿಂಗ್‌ನಲ್ಲಿ ಆಳೆತ್ತರದ ಒಂದು ಗೊಂಬೆ ಹತ್ತು ಲಕ್ಷ ಯುವಾನಿಗೂ ಹೆಚ್ಚಿಗೆ ಹರಾಜಾಯಿತು. ಇದರಲ್ಲಿ ಕನ್ಫ್ಯೂಷಿಯಸ್ ಎಲ್ಲಿದ್ದಾನೋ ನಾನರಿಯೆ.

ಟಾಂಜಾನಿಯದ ಕಥೆ ನನಗೆ ಇದಕ್ಕಿಂತ ಪ್ರಿಯ. 2011ರಲ್ಲಿ ಅಲ್ಲಿಯ ಟೆಲಿವಿಷನ್ನಿನಲ್ಲಿ ಸ್ವಾಹಿಲಿ ಮಾತು ಜೋಡಿಸಿದ ಒಂದು ಚೀನೀ ಧಾರಾವಾಹಿ ಬಂತು. ದೌದೌ ಎಂಬ ಹುಡುಗಿ ಮದುವೆಯಾಗುತ್ತಾಳೆ. ಗಂಡನ ತಂದೆತಾಯಿ ಬೇರೆಯಾಗಿ ಮತ್ತೆ ಮದುವೆಯಾದವರಾದ್ದರಿಂದ ಅವಳಿಗೆ ಇಬ್ಬರು ಅತ್ತೆಯರು. ಅಷ್ಟೇ! ದಾರ್-ಎಸ್-ಸಲಾಮಿನ ಹೆಂಗಸರು ಅದನ್ನು ಮೆಚ್ಚಿ ನೋಡಿದರು. 2013ರಲ್ಲಿ ಷಿ ಜಿನ್‌ಪಿಂಗ್ ಅಲ್ಲಿಗೆ ಹೋದಾಗ ತಮ್ಮ ಭಾಷಣದಲ್ಲಿ ಆ ಧಾರಾವಾಹಿಯನ್ನು ನೆನೆದರು. ಸರಕಾರವೇ ಕಳಿಸಿದ್ದಲ್ಲವೆ ಅದು ಎಂದು ನನ್ನ ಎದುರು ಪಕ್ಷದವರು ಕೇಳಬಹುದು. ಕಳಿಸಿದ್ದು ನಿಜ, ಆದರೆ ಬರೆದದ್ದು ಆಫ್ರಿಕವನ್ನು ಒಲಿಸಲಿಕ್ಕೆ ಅಲ್ಲ, ಬೀಜಿಂಗ್‌ನ ಸೊಸೆಯಂದಿರಿಗಾಗಿ. ನಮ್ಮಲ್ಲಿಯೂ ಒಂದು ಕಾಲದಲ್ಲಿ ಸೋವಿಯತ್ ಪುಸ್ತಕಗಳು ಮೂರುಕಾಸಿನ ಬೆಲೆಗೆ ರಾಶಿ ರಾಶಿಯಾಗಿ ಬರುತ್ತಿದ್ದವು. ನಾವು ಟಾಲ್‌ಸ್ಟಾಯ್, ಚೆಕಾಫರನ್ನು ಎದೆಗೊತ್ತಿಕೊಂಡೆವು. ಪಂಚವಾರ್ಷಿಕ ಯೋಜನೆಯ ವರದಿಗಳು ಅಟ್ಟ ಸೇರಿದವು. ಎರಡನ್ನೂ ತಂದದ್ದು ಒಂದೇ ಹಡಗು.

ಸರಕಾರದ ಬೆಂಬಲವೇ ಇಲ್ಲದ ಸಂಸ್ಕೃತಿ ಹೇಗಿರುತ್ತದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಕೊಡಗಿಗೆ ಹೋಗುವ ದಾರಿಯಲ್ಲಿ ಬೈಲುಕುಪ್ಪೆಯಲ್ಲಿ ಇಳಿಯಿರಿ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರಕಾರ ಕೊಟ್ಟ ಕಾಡುನೆಲದಲ್ಲಿ ನಿರಾಶ್ರಿತರು ನೆಲೆಯೂರಿದರು. ಲಾಸಾದ ಬಳಿಯ ಸೆರಾ ವಿಹಾರವನ್ನು ಅಲ್ಲಿ ಮತ್ತೆ ಕಟ್ಟಿದರು. ರಾಜ್ಯವಿಲ್ಲ, ಸೈನ್ಯವಿಲ್ಲ, ಐನೂರು ಪೀಠಗಳಂತೂ ಇಲ್ಲ. ಆದರೂ ಭಾನುವಾರ ಆ ಚಿನ್ನದ ಬುದ್ಧರ ಮುಂದೆ ಬೆಂಗಳೂರು, ಮೈಸೂರುಗಳ ಸಂಸಾರಗಳು ಚಪ್ಪಲಿ ಬಿಟ್ಟು ಒಳಗೆ ಹೋಗಲು ಸಾಲುಗಟ್ಟಿ ನಿಲ್ಲುತ್ತವೆ. ತನ್ನದೇ ನೆಲದ ಆ ವಿದ್ಯೆಯನ್ನು ಬೀಜಿಂಗ್ ಅನುಮಾನದಿಂದ ನೋಡದೆ ಬಿಟ್ಟಿದ್ದರೆ ಚೀನಕ್ಕೆ ಎಷ್ಟು ಗೌರವ ಬರುತ್ತಿತ್ತು!

ನಮ್ಮ ಮನವಿಪತ್ರದವರಿಗೆ ನಾನು ಮರುದಿನ ಉತ್ತರ ಬರೆದೆ. ಐನೂರು ಪೀಠಗಳ ಮಾತು ಸದ್ಯಕ್ಕೆ ಇರಲಿ. 2020ರ ಜೂನಿನಲ್ಲಿ ಗಡಿಯಲ್ಲಿ ನಮ್ಮ ಯೋಧರು ಸತ್ತ ಮೇಲೆ ನಮ್ಮ ಸರಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ಸಿಟ್ಟು ನನಗೂ ಇದೆ. ಆದರೆ ಸಿಟ್ಟಿಗೂ ತಿಳಿವಳಿಕೆ ಬೇಕು. ಚೀನದ ಒಂದು ಸುದ್ದಿ, ಒಂದು ಕಥೆ, ಒಂದು ಬೈಗುಳ ಕೂಡ ನಮಗೆ ತಲಪುವುದು ಇಂಗ್ಲಿಷಿನವರು ಸೋಸಿದ ಮೇಲೆ. ಲು ಷುನ್ ಅವರನ್ನು ಮೂಲದಿಂದ ಕನ್ನಡಕ್ಕೆ ತರಬಲ್ಲವರು ನಮ್ಮ ಸಭೆಯಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರಾದರೂ ಇದ್ದರೆ? ನಮ್ಮ ವಿಶ್ವವಿದ್ಯಾಲಯಗಳಿಂದ ಹತ್ತು ಹುಡುಗ ಹುಡುಗಿಯರನ್ನು ಆರಿಸಿ, ಚೀನೀ ಭಾಷೆಯನ್ನು ಬೇರು ಸಹಿತ ಕಲಿಯಲು ಹತ್ತು ವರ್ಷದ ವೇತನ ಕೊಡಿ. ಬೀಜಿಂಗಿಗೆ ಹೋಗಲಿ, ತೈಪೆಗೆ ಹೋಗಲಿ, ಬೈಲುಕುಪ್ಪೆಗೂ ಹೋಗಲಿ. ಮರಳಿ ಬಂದು ಏನು ಬರೆಯಬೇಕೆಂದು ಯಾರೂ ಅವರಿಗೆ ಹೇಳಕೂಡದು. ಹೀಗೆ ತಿದ್ದಿದರೆ ಸಹಿ ಹಾಕುತ್ತೇನೆ ಎಂದು ಬರೆದೆ.

ಉತ್ತರ ಬಂದಿದೆ. ಹತ್ತು ಹುಡುಗರ ವಿಷಯ ಪರಿಶೀಲನೆಯಲ್ಲಿದೆಯಂತೆ. ಕೊನೆಯ ವಾಕ್ಯವನ್ನು ಮಾತ್ರ ತೆಗೆಯಬೇಕೆಂದು ಸಮಿತಿಯ ಅಭಿಪ್ರಾಯವಂತೆ. ಮನವಿಪತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.